ಬೀಡಾ ಅಂಗಡಿಗೆ ‘21 ವರ್ಷ’ದ ಬೋರ್ಡು: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಸಿಗರೇಟು, ಬೀಡಿ, ಜರ್ದಾ ಮಾರುವ ಅಂಗಡಿಗಳಿಗೆಂದು ಆನ್‌ಲೈನಿನಲ್ಲೂ ಫ್ಲೆಕ್ಸ್ ಅಂಗಡಿಗಳಲ್ಲೂ ಸಿಗುವ ರೆಡಿಮೇಡ್ ಎಚ್ಚರಿಕೆ ಬೋರ್ಡುಗಳಲ್ಲಿ ಬಹಳಷ್ಟು ಕರ್ನಾಟಕದಲ್ಲಿ ಈಗ ಕೆಲಸಕ್ಕೆ ಬರುವುದಿಲ್ಲ. ದುಡ್ಡು ಕೊಟ್ಟು ತಂದು ಮೊಳೆ ಹೊಡೆದ ಮೇಲೂ ಆರೋಗ್ಯ ನಿರೀಕ್ಷಕರು ಬಂದಾಗ ದಂಡ ತಪ್ಪದಿದ್ದರೆ ಅಂಥ ಬೋರ್ಡು ಯಾಕೆ?

ಮೊದಲನೆಯ ಎಡವಟ್ಟು, ಬೇರೆ ಜಾಗದ ಬೋರ್ಡನ್ನು ತರುವುದು. ಕೆಂಪು ವೃತ್ತದೊಳಗೆ ಸಿಗರೇಟು, ಅದರ ಮೇಲೊಂದು ಅಡ್ಡಪಟ್ಟಿ, ಕೆಳಗೆ ‘ಧೂಮಪಾನ ನಿಷೇಧಿತ ಪ್ರದೇಶ’ ಎಂದಿರುವುದು ಹೋಟೆಲು, ಕಚೇರಿ, ಬಸ್ ನಿಲ್ದಾಣಗಳಿಗೆ. ಅದು ಕೋಟ್ಪಾ, ಅಂದರೆ ಕೇಂದ್ರದ ತಂಬಾಕು ನಿಯಂತ್ರಣ ಕಾಯ್ದೆಯ ಸೆಕ್ಷನ್ 4ಕ್ಕೆ ಸೇರಿದ್ದು. ಮಾರುವ ಅಂಗಡಿಗೆ ಬೇಕಾದದ್ದು ಸೆಕ್ಷನ್ 6ರ ಬೋರ್ಡು. ಕನಿಷ್ಠ 60 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ, ಕನ್ನಡದಲ್ಲಿ ವಯಸ್ಸಿನ ಎಚ್ಚರಿಕೆ, ಜೊತೆಗೆ ತಂಬಾಕಿನಿಂದಾಗುವ ಕಾಯಿಲೆಯ ಚಿತ್ರ. ಚಿತ್ರ ಬೇಕೆಂಬ ನಿಯಮ ಬಂದದ್ದು 2011ರಲ್ಲಿ. ಬರೀ ಅಕ್ಷರಗಳಿರುವ ಹಳೆಯ ನಮೂನೆಗಳು ಇವತ್ತಿಗೂ ಮಾರಾಟವಾಗುತ್ತಿವೆ, ಅವನ್ನು ಮುಟ್ಟಬೇಡಿ.

ಎರಡನೆಯದು ವಯಸ್ಸು. ಹೊರರಾಜ್ಯದಿಂದ ಬರುವ ಬೋರ್ಡುಗಳಲ್ಲಿ 18 ಎಂದಿರುತ್ತದೆ, ಕೇಂದ್ರದ ಕಾಯ್ದೆಯಲ್ಲಿರುವುದು ಅದೇ. ಆದರೆ ಕರ್ನಾಟಕದ ತಿದ್ದುಪಡಿ ಕಾಯ್ದೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಮೇಲೆ ಇಲ್ಲಿ 21 ತುಂಬದವರಿಗೆ ಮಾರುವಂತಿಲ್ಲ. ದಂಡವೂ 200 ರೂಪಾಯಿಯಿಂದ 1,000ಕ್ಕೆ ಏರಿದೆ. 18 ಎಂದು ಬರೆದ ಬೋರ್ಡು ತೂಗುಹಾಕಿದರೆ ಹತ್ತೊಂಬತ್ತರ ಹುಡುಗ ಅದನ್ನೇ ಬೆರಳಿಟ್ಟು ತೋರಿಸಿ ಸಿಗರೇಟು ಕೇಳುತ್ತಾನೆ, ಅಂಗಡಿಯವರ ಬಾಯಿ ಕಟ್ಟಿಹೋಗುತ್ತದೆ. 18ರ ಮೇಲೆ ಸ್ಟಿಕರ್ ಅಂಟಿಸಿ 21 ಮಾಡುವ ಉಪಾಯ ಮಳೆಗಾಲ ಬರುವವರೆಗೆ ಮಾತ್ರ.

ಅಳತೆಯ ವಿಷಯಕ್ಕೆ ಟೇಪು ಹಿಡಿದೇ ಮಾತಾಡಬೇಕು. ಎ4 ಹಾಳೆ 29.7 × 21 ಸೆಂ.ಮೀ., ಎ3 ಹಾಳೆ 42 × 29.7. ಎರಡೂ ಸಾಲವು. ‘18 × 12 ಇಂಚು’ ಎಂದು ಮಾರುವುದು 45.7 × 30.5, ಅದೂ ಆಗದು. ಎರಡಡಿ-ಒಂದಡಿಯದು 60.96 × 30.48, ಇದು ಸರಿ. ಆದರೆ ಇಲ್ಲಿ ಹೆಚ್ಚುವರಿಯಾಗಿ ಉಳಿಯುವುದು ಅಗಲದಲ್ಲಿ ಒಂದು ಸೆಂಟಿಮೀಟರಿಗೂ ಕಡಿಮೆ, ಎತ್ತರದಲ್ಲಿ ಅರ್ಧ. ಸುತ್ತ ಅಲ್ಯೂಮಿನಿಯಂ ಬೀಡಿಂಗ್ ಹಾಕಿಸಿದರೆ ಅಂಚು ಒಳಗೆ ಹೋಗಿ ಕಾಣುವ ಭಾಗ 60ಕ್ಕಿಂತ ಕೆಳಗಿಳಿಯುತ್ತದೆ. ಫ್ರೇಮು ಬೇಕೇ ಬೇಕು ಎನ್ನುವವರು 26 × 14 ಇಂಚಿಗೆ ಹೇಳಿ ಮಾಡಿಸಲಿ.

ಇನ್ನು ಸಾಮಗ್ರಿ. ಫ್ಲೆಕ್ಸ್ ಎಲ್ಲಕ್ಕಿಂತ ಅಗ್ಗ, ಆದರೆ ಗೂಡಂಗಡಿಯ ಮುಂದೆ ಗಾಳಿಗೆ ಬಡಿದು ರಿಂಗಿನ ಬಳಿಯೇ ಹರಿಯುತ್ತದೆ. ಸನ್‌ಬೋರ್ಡ್, ಅಂದರೆ ಹಗುರವಾದ ಫೋಮ್ ಹಲಗೆ, ಹೊಸದರಲ್ಲಿ ಚೆಂದ. ಬಿಸಿಲಿಗೆ ಬಿಲ್ಲಿನಂತೆ ಬಾಗುತ್ತದೆ, ಮೂಲೆಯಲ್ಲಿ ವಿನೈಲ್ (ಪ್ರಿಂಟು ಮಾಡಿ ಅಂಟಿಸುವ ಪ್ಲಾಸ್ಟಿಕ್ ಹಾಳೆ) ಏಳುತ್ತದೆ. ಅಂಗಡಿಯ ಒಳಗೋಡೆಗಾದರೆ ಅದೇ ಸಾಕು. ಅಕ್ರಿಲಿಕ್ ನೋಡಲು ಎಲ್ಲಕ್ಕಿಂತ ಚೆನ್ನ, ಆದರೆ ಸ್ಕ್ರೂ ಬಿಗಿ ಮಾಡಿದಲ್ಲಿ ಬಿರುಕು ಬಿಡುತ್ತದೆ. ತೂತು ಸ್ಕ್ರೂಗಿಂತ ತುಸು ದೊಡ್ಡದಿರಬೇಕು, ನಡುವೆ ರಬ್ಬರ್ ವಾಷರ್ ಬೇಕು. ಹೊರಗಿನ ಬಿಸಿಲು-ಮಳೆಗೆ ನಮ್ಮ ಆಯ್ಕೆ 3 ಮಿ.ಮೀ. ಎಸಿಪಿ ಶೀಟು (ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವ ಹಲಗೆ), ಅದರ ಮೇಲೆ ಯುವಿ ತಡೆಯುವ ಲ್ಯಾಮಿನೇಶನ್ ಇರುವ ವಿನೈಲ್. ಲ್ಯಾಮಿನೇಶನ್ ಬಿಟ್ಟು ಕಾಸು ಉಳಿಸಲು ಹೋಗಬೇಡಿ. ಬಿಸಿಲಿಗೆ ಮೊದಲು ಮಾಸುವುದೇ ಕೆಂಪು ಬಣ್ಣ, ಎಚ್ಚರಿಕೆಯ ಅಕ್ಷರವೂ ಗಾಯದ ಚಿತ್ರವೂ ಇರುವುದು ಆ ಬಣ್ಣದಲ್ಲೇ. ಡಬಲ್ ಸೈಡ್ ಟೇಪು ಸುಣ್ಣದ ಗೋಡೆಗೆ ಹಿಡಿಯದು; ನಾಲ್ಕು ಮೂಲೆಗೆ ಸ್ಕ್ರೂ ಹಾಕಿಸಿ.

ಪ್ರಿಂಟಿಗೆ ಕೊಡುವ ಮುನ್ನ ಪರದೆಯ ಮೇಲೆ ಒಂದು ಪದ ನೋಡಿಕೊಳ್ಳಿ: ಶಿಕ್ಷಾರ್ಹ. ನುಡಿ ಫಾಂಟಿನಿಂದ ಯುನಿಕೋಡಿಗೆ ತರುವಾಗ ಅರ್ಕಾವೊತ್ತು ಬಿದ್ದುಹೋಗಿ ‘ಶಿಕ್ಷಾಹ’ ಆಗುವುದುಂಟು. ಒಕ್ಕಣೆ ಇಷ್ಟು ಸಾಕು: ‘21 ವರ್ಷದೊಳಗಿನವರಿಗೆ ತಂಬಾಕು ಉತ್ಪನ್ನ ಮಾರುವುದು ಶಿಕ್ಷಾರ್ಹ ಅಪರಾಧ’. ಅಂಕಿ ಉಳಿದ ಅಕ್ಷರಗಳಿಗಿಂತ ದೊಡ್ಡದಿರಲಿ.

ಸಿಗರೇಟು ಸರಬರಾಜು ಮಾಡುವವರು ಪುಕ್ಕಟೆ ಕೊಡುವ ಬೋರ್ಡಿನ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇವೆ, ತೆಗೆದುಕೊಳ್ಳಬೇಡಿ. ಅಂಗಡಿಯಲ್ಲಿ ಯಾವ ಬಗೆಯ ತಂಬಾಕು ಸಿಗುತ್ತದೆಂದು ತಿಳಿಸುವ ಬೋರ್ಡಿಗೆ 60 × 45 ಸೆಂ.ಮೀ. ಗರಿಷ್ಠ ಮಿತಿ, ಎರಡಕ್ಕಿಂತ ಹೆಚ್ಚು ಇರುವಂತಿಲ್ಲ. ಬ್ರ್ಯಾಂಡಿನ ಹೆಸರು, ಪ್ಯಾಕಿನ ಚಿತ್ರ, ಒಳಗಿಂದ ಬೆಳಗುವ ದೀಪ ಯಾವುದೂ ಕೂಡದು. ಇದನ್ನು ಮೀರಿದರೆ ಅದು ಜಾಹೀರಾತು. ಮೊದಲ ಸಲವೇ ಎರಡು ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೋರ್ಡು ಕೊಟ್ಟವರು ಆಮೇಲೆ ಸಿಗುವುದಿಲ್ಲ, ಕೇಸು ನಿಲ್ಲುವುದು ಅಂಗಡಿಯವರ ತಲೆಯ ಮೇಲೆ.

ಕೊಳ್ಳುವ ಮೊದಲು ಶಾಲೆ-ಕಾಲೇಜಿನ ದೂರವನ್ನೂ ಅಳೆದುಬಿಡಿ. ಅಳತೆ ಶುರುವಾಗುವುದು ಗೇಟಿನಿಂದಲ್ಲ, ಕಾಂಪೌಂಡಿನ ಹೊರಗೋಡೆಯಿಂದ; ರಸ್ತೆ ಸುತ್ತಿ ಬರುವ ದೂರವೂ ಅಲ್ಲ, ನೇರ ಗೆರೆ. ಹಿಂದೆ 100 ಗಜ, ಅಂದರೆ 91.44 ಮೀಟರ್ ಇತ್ತು. ಈಗ ರಾಜ್ಯದಲ್ಲಿ 100 ಮೀಟರ್, ಅದರೊಳಗೆ ತಂಬಾಕು ಮಾರುವಂತೆಯೇ ಇಲ್ಲ. ಮೊದಲು ಗೆರೆಯಾಚೆ ಇದ್ದ ಕೆಲವು ಅಂಗಡಿಗಳು ಈ ಎಂಟೂವರೆ ಮೀಟರಿನಲ್ಲಿ ಒಳಗೆ ಸೇರಿಕೊಂಡಿರಬಹುದು, ಅಂಥವರಿಗೆ ಬೋರ್ಡಿನ ಖರ್ಚೂ ದಂಡ.

ತೂಗುಹಾಕುವ ಜಾಗ: ಕೌಂಟರಿನ ಮುಂದೆ ನಿಂತ ಗಿರಾಕಿಯ ಕಣ್ಣಿನ ಮಟ್ಟ. ಬಹಳ ಕಡೆ ಒಳ್ಳೆಯ ಬೋರ್ಡೇ ಇರುತ್ತದೆ, ಅದರ ಮುಂದೆ ಪಾನ್ ಮಸಾಲಾ ಸರ, ಚಿಪ್ಸ್ ಪ್ಯಾಕೆಟ್ಟುಗಳು ಇಳಿಬಿದ್ದು ಎಚ್ಚರಿಕೆಯ ಅರ್ಧ ಮುಚ್ಚಿರುತ್ತದೆ. ಸರ ಕಟ್ಟುವ ತಂತಿಯನ್ನು ಒಂದಡಿ ಪಕ್ಕಕ್ಕೆ ಸರಿಸಿದರೆ ಸಾಕು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಥಿನ್ನರ್, ಪೆಟ್ರೋಲ್ ತಾಗಿಸಿದರೆ ವಿನೈಲಿನ ಬಣ್ಣ ಕೀಳುತ್ತದೆ. ಬಿಲ್ಲಿನ ಜೊತೆ ಡಿಸೈನ್ ಫೈಲನ್ನೂ ಕೇಳಿ ಇಟ್ಟುಕೊಳ್ಳಿ, ಮುಂದೆ ವಯಸ್ಸೋ ದಂಡವೋ ಬದಲಾದರೆ ಹೊಸ ವಿನೈಲ್ ಅಂಟಿಸಿದರಾಯಿತು, ಶೀಟು ಅದೇ ನಡೆಯುತ್ತದೆ.