ಭೋಸರಿ ಲ್ಯಾಬ್‌ನಾಗ ಲೇಸರ್ ಫ್ಲ್ಯಾಶ್ ಟೆಸ್ಟ್: ಸ್ಯಾಂಪಲ್ ಕೊಡೂಕಿಂತ ಮುಂಚೆ ಇದನ್ನ ಓದ್ರಿ

ಪುಣೆದಾಗ ಡೈ ಕಾಸ್ಟಿಂಗ್ (ಕರಗಿದ ಲೋಹನ ಡೈ ಅನ್ನೋ ಅಚ್ಚಿನಾಗ ಒತ್ತಿ ತುಂಬೋ ಕೆಲಸ) ಲೈನ್‌ನಾಗ ಇರೋ ನಮ್ಮ ಮಂದಿಗೆ ಉಪಯೋಗ ಆಗಲಿ ಅಂತ ಬರೀಲಿಕತ್ತೇನಿ. ಭೋಸರಿ ಎಂಐಡಿಸಿ ಇಂಡಸ್ಟ್ರಿಯಲ್ ಏರಿಯಾ ಒಳಗಿನ ಒಂದು ಪ್ರೈವೇಟ್ ಲ್ಯಾಬ್‌ನಾಗ ನಮ್ಮ ಎಡಿಸಿ12 (ಒಂದು ಅಲ್ಯುಮಿನಿಯಂ ಮಿಶ್ರಲೋಹ) ಹೀಟ್ ಸಿಂಕಿನ, ಅಂದ್ರ ಬಿಸಿ ಹೊರಗ ಹಾಕೋ ಪಾರ್ಟಿನ, ಥರ್ಮಲ್ ಡಿಫ್ಯೂಸಿವಿಟಿ, ಅಂದ್ರ ಲೋಹದೊಳಗ ಬಿಸಿ ಎಷ್ಟು ಜಲ್ದಿ ಹರಡ್ತೈತಿ ಅನ್ನೋದನ್ನ ಅಳೆಸಿದ್ವಿ. ಶುದ್ಧ ಅಲ್ಯುಮಿನಿಯಂದು ಕಂಡಕ್ಟಿವಿಟಿ (ಬಿಸಿ ಸಾಗಿಸೋ ಶಕ್ತಿ) 237 ವ್ಯಾಟ್ ಪರ್ ಮೀಟರ್ ಕೆಲ್ವಿನ್, ಅದನ್ನ ಹಂಗೇ ಡಿಸೈನಿಗೆ ಹಾಕೋರು ಇನ್ನೂ ಅದಾರ, ಆದ್ರ ಸಿಲಿಕಾನು ತಾಮ್ರ ಕೂಡಿದ ಎಡಿಸಿ12 ಡೈಯಿಂದ ಬಂದಾಗ ಅದರ ಅರ್ಧಕ್ಕೂ ಕಡಿಮಿ ಇರ್ತೈತಿ, ಅದಕ್ಕ ಅಳೆಸೋದೇ ಚಲೋ.

ಈ ಫ್ಲ್ಯಾಶ್ ಮೆಥಡ್ ಹಳೇದು, 1961ರಾಗ ಪಾರ್ಕರ್ ಮತ್ತ ಅವರ ಜೊತಿಗಾರರು ಅಮೆರಿಕಾದಾಗ ಮಾಡಿ ತೋರಿಸಿದ್ದು. ನಾಣ್ಯದಂಗ ತೆಳು ದುಂಡನ ಪೀಸಿಗೆ ಒಂದು ಕಡೆಯಿಂದ ಲೇಸರ್ ಹೊಡೀತಾರ, ಹಿಂದಿನ ಮುಖ ಹೆಂಗ ಬಿಸಿ ಆಗ್ತೈತಿ ಅನ್ನೋದನ್ನ ಇನ್‌ಫ್ರಾರೆಡ್ ಡಿಟೆಕ್ಟರ್ ನೋಡ್ತೈತಿ. ಪೂರ್ತಿ ಏರಿಕಿಯ ಅರ್ಧ ಮುಟ್ಟಾಕ ಎಷ್ಟು ಟೈಮ್ ಹಿಡೀತೋ ಅದರ ಮ್ಯಾಲೆ ಲೆಕ್ಕ: 0.1388 ಗುಣಿಸು ದಪ್ಪದ ವರ್ಗ, ಭಾಗಿಸು ಆ ಟೈಮ್. ನಮ್ಮ 2 ಮಿಮೀ ಪೀಸಿಗೆ ಆ ಟೈಮ್ 15 ಮಿಲಿಸೆಕೆಂಡಿನ ಆಜೂಬಾಜು ಬಂತು, ಅಂದ್ರ 37 ಸ್ಕ್ವೇರ್ ಮಿಮೀ ಪರ್ ಸೆಕೆಂಡ್. ಅದೇ ದಪ್ಪದ 304 ಸ್ಟೇನ್‌ಲೆಸ್ ಇದ್ದಿದ್ರ ಸುಮಾರು 140 ಮಿಲಿಸೆಕೆಂಡ್ ಬೇಕಾಗ್ತಿತ್ತು.

ಈ ಲ್ಯಾಬಿನವರು ನನಗ ಮನಸ್ಸಿಗೆ ಬಂದಿದ್ದು ಯಾಕಂದ್ರ ಬರೇ ನಂಬರ್ ಕೊಟ್ಟು ಕೈ ತೊಳಕೊಳ್ಳೋದಿಲ್ಲ. ಮಷಿನ್ ನೋಡ್ಕೊಳ್ಳೋರು ವಿಜಯಪುರ ಕಡೆಯವರು, ನಾನು ಕನ್ನಡದಾಗ ಮಾತಾಡಿದ ಕೂಡ್ಲೇ "ಬರ್ರಿ ಸರ, ಈ ಕೂಪನ್ ಕಾಸ್ಟಿಂಗಿನ ಯಾವ ಜಾಗಾದಿಂದ ಕೊಯ್ದೀರಿ" ಅಂತ ಕೇಳಿದ್ರು, ಕೂಪನ್ ಅಂದ್ರ ಟೆಸ್ಟಿಗೆ ಕೊಯ್ದ ತುಂಡು, ಅದು ಗೇಟ್ (ಲೋಹ ಅಚ್ಚಿನೊಳಗ ಹೋಗೋ ಬಾಯಿ) ಹತ್ರದ್ದೋ ದೂರದ್ದೋ, ಒಳಗ ಬ್ಲೋಹೋಲ್ (ಗಾಳಿ ತೂತು) ಇದ್ರ ರಿಸಲ್ಟೇ ಬ್ಯಾರೆ ಬರ್ತೈತಲ್ಲ, ಈ ಪ್ರಶ್ನೆ ಎಲ್ಲರೂ ಕೇಳೋದಿಲ್ಲ ನೋಡ್ರಿ. ಆಮ್ಯಾಲೆ ಮೈಕ್ರೋಮೀಟರ್ ಹಚ್ಚಿ ದಪ್ಪ ಬ್ಯಾರೆ ಬ್ಯಾರೆ ಕಡೆ ನೋಡಿದ್ರು. ಲೆಕ್ಕದಾಗ ದಪ್ಪ ವರ್ಗ ಆಗ್ತೈತಿ, 2 ಮಿಮೀದಾಗ 0.02 ತಪ್ಪಿದ್ರ 1 ಪರ್ಸೆಂಟ್, ಉತ್ತರದಾಗ 2 ಪರ್ಸೆಂಟ್. ಅಲ್ಯುಮಿನಿಯಂ ಹೊಳಿತೈತಿ, ಲೇಸರ್ ವಾಪಸ್ ಹೋಗಬಾರದು ಅಂತ ಎರಡೂ ಮುಖಕ್ಕ ಗ್ರಾಫೈಟ್ ಸ್ಪ್ರೇ, ಅದೂ ತೆಳುವಾಗಿ. ಡಿಫ್ಯೂಸಿವಿಟಿ ಮೊದಲೇ ಗೊತ್ತಿರೋ ರೆಫರೆನ್ಸ್ ಪೀಸನ್ನೂ ಜೊತಿಗೇ ಓಡಿಸಿದ್ರು, ನನಗ ಇದು ಬಾಳ ಮುಖ್ಯ ಅನಿಸ್ತು, ಇಲ್ಲಂದ್ರ ಬಂದ ನಂಬರ್ ನಂಬೋದು ಹೆಂಗ್ರಿ?

ರಿಪೋರ್ಟಿನಾಗ ಕರ್ವ್ ಸಮೇತ ಕೊಡ್ತಾರ. ಮ್ಯಾಲೆ ಹೋದ ಗೆರಿ ಆಮ್ಯಾಲೆ ಸಣ್ಣಗ ಇಳೀತೈತಿ, ಅದು ಬಿಸಿ ಹೊರಗ ಸೋರಿದ್ದು, ಅದಕ್ಕ ಯಾವ ಕರೆಕ್ಷನ್ ಹಾಕ್ಯಾರ ಅಂತಾನೂ ಬರದಿರ್ತಾರ.

ಕೊರತಿ ಅಂದ್ರ ರಿಪೋರ್ಟ್ ಹೇಳಿದ ಟೈಮಿಗೆ ಬರಲಿಲ್ಲ, ಫೋನ್ ಮ್ಯಾಲೆ ಫೋನ್ ಮಾಡಬೇಕಾತು. ಇನ್ನೊಂದು, ಕಂಡಕ್ಟಿವಿಟಿ ಬೇಕಂದ್ರ ಡಿಫ್ಯೂಸಿವಿಟಿಗೆ ಡೆನ್ಸಿಟಿ, ಸ್ಪೆಸಿಫಿಕ್ ಹೀಟ್ ಎರಡೂ ಗುಣಿಸಬೇಕು, ಅವುಕ್ಕ ಚಾರ್ಜ್ ಬ್ಯಾರೆ, ಕೊಟೇಶನ್ನಿನಾಗ ಸಣ್ಣ ಅಕ್ಷರದಾಗ ಐತಿ, ಮೊದಲೇ ಕೇಳಿ ಬರಿಸ್ಕೋರಿ. ಗಾಜಿನಂಗ ಬೆಳಕು ದಾಟೋ ಸ್ಯಾಂಪಲ್ ಇದ್ರ ಗ್ರಾಫೈಟಿಗಿಂತ ಮೊದಲು ಚಿನ್ನದ ತೆಳು ಕೋಟಿಂಗ್ ಬೇಕಾಗ್ತೈತಿ, ಅದು ಇವರ ಕಡೆ ಇಲ್ಲ, ಹೊರಗ ಮಾಡಿಸ್ಕೊಂಡು ಹೋಗ್ರಿ.