ಗೊಬ್ಬರದ ಮೂಟೆ ಮೇಲಿನ ಶೇಕಡಾ ಎಷ್ಟು ನಿಜ? ಕಾಫಿ ತೋಟದ ಆರು ಸರಕುಗಳ ವಿಮರ್ಶೆ

ಕಾಫಿ ಗಿಡಗಳನ್ನು ಅರಳಿಸುವ ಹೂಮಳೆ ಬಿದ್ದ ಮೇಲೆ ಕೊಡಗಿನ ಗೋಣಿಕೊಪ್ಪ, ಸುಂಟಿಕೊಪ್ಪ, ಸೋಮವಾರಪೇಟೆಯ ಗೊಬ್ಬರದಂಗಡಿಗಳಲ್ಲಿ ಬೆಲೆ ವಿಚಾರಿಸುವಷ್ಟು ಜನ ಮೂಟೆ ಮೇಲಿನ ಶೇಕಡಾ ಓದುವುದಿಲ್ಲ. ಆ ಅಂಕಿ ಸರಿಯೇ ಎಂದು ನೋಡಲು ಪ್ರಯೋಗಾಲಯ ಬೇಡ, ಹೈಸ್ಕೂಲಿನ ರಸಾಯನಶಾಸ್ತ್ರ ಸಾಕು. ಬೇಕಾದ ಸಾಪೇಕ್ಷ ಪರಮಾಣು ರಾಶಿಗಳು ಇಷ್ಟೇ: ಜಲಜನಕ 1, ಇಂಗಾಲ 12, ಸಾರಜನಕ 14, ಆಮ್ಲಜನಕ 16, ರಂಜಕ 31, ಗಂಧಕ 32, ಕ್ಲೋರಿನ್ 35.5, ಪೊಟ್ಯಾಸಿಯಂ 39, ಕ್ಯಾಲ್ಸಿಯಂ 40, ತಾಮ್ರ 63.5, ಸತು 65.4. ಇಂಗಾಲ-12ರ ಪರಮಾಣುವಿನ ಹನ್ನೆರಡನೇ ಒಂದು ಪಾಲಿಗೆ ಹೋಲಿಸಿದ ಅಂಕಿಗಳಾದ್ದರಿಂದ ಇವಕ್ಕೆ ಗ್ರಾಂ, ಕೆ.ಜಿ. ಎಂಬ ಮಾನವಿಲ್ಲ. ಸೂತ್ರದಲ್ಲಿರುವ ಪರಮಾಣುಗಳನ್ನೆಲ್ಲ ಕೂಡಿ, ಬೇಕಾದ ಧಾತುವಿನ ಪಾಲನ್ನು ಒಟ್ಟು ಮೊತ್ತದಿಂದ ಭಾಗಿಸಿ, 100ರಿಂದ ಗುಣಿಸಿದರೆ ಮುಗಿಯಿತು.

ಯೂರಿಯಾ ಸುಲಭ. ಇಂಗಾಲ 12, ಆಮ್ಲಜನಕ 16, ಎರಡು ಸಾರಜನಕ 28, ನಾಲ್ಕು ಜಲಜನಕ 4, ಒಟ್ಟು 60. 28 ಭಾಗಿಸು 60, ಅಂದರೆ ಶೇ. 46.7. ಮೂಟೆ ಮೇಲೆ 46 ಎಂದಿದೆ. ಉಳಿದದ್ದು ತೇವ, ಬೈಯುರೆಟ್ (ಯೂರಿಯಾ ತಯಾರಿಸುವಾಗ ಹುಟ್ಟುವ ಬೇಡದ ವಸ್ತು) ಲೆಕ್ಕಕ್ಕೆ ಹೋಗುತ್ತದೆ. ದೂರುವಂಥದ್ದೇನಿಲ್ಲ. ತಪ್ಪುವುದು ಹಂಚುವಾಗ. ಈಗಿನ ಮೂಟೆ 45 ಕೆ.ಜಿ., ಅದರಲ್ಲಿ ಸಾರಜನಕ 20.7 ಕೆ.ಜಿ. ಹಳೆಯ 50 ಕೆ.ಜಿ. ಮೂಟೆಯ ರೂಢಿಯಲ್ಲೇ ‘ಎಕರೆಗೆ ಇಷ್ಟು ಮೂಟೆ’ ಎಂದು ಹಾಕಿಸುವವರಿಗೆ ಪ್ರತಿ ಮೂಟೆಗೂ 2.3 ಕೆ.ಜಿ. ಸಾರಜನಕ ಖೋತಾ.

ಪೊಟ್ಯಾಷ್ ಮೂಟೆಯ ಅಂಕಿಯೇ ಬೇರೆ ಜಾತಿಯದು. ಒಳಗಿರುವುದು ಪೊಟ್ಯಾಸಿಯಂ ಕ್ಲೋರೈಡ್: 39 ಮತ್ತು 35.5, ಒಟ್ಟು 74.5. ಪೊಟ್ಯಾಸಿಯಂ ಶೇ. 52ರ ಆಸುಪಾಸು ಬರುತ್ತದೆ. ಮೂಟೆ ಮೇಲೆ ಮಾತ್ರ ಶೇ. 60! ಇದು ಮೋಸವಲ್ಲ, ಪೊಟ್ಯಾಸಿಯಂ ಆಕ್ಸೈಡಿನ ಲೆಕ್ಕದಲ್ಲಿ ಬರೆಯುವ ಹಳೆಯ ಪದ್ಧತಿ. ಆ ಆಕ್ಸೈಡ್ ಮೂಟೆಯಲ್ಲಿ ಒಂದು ಚೂರೂ ಇರುವುದಿಲ್ಲ. ಅದರ ರಾಶಿ 94, ಪೊಟ್ಯಾಸಿಯಂ ಪಾಲು 78. ಹಾಗಾಗಿ ಮೂಟೆಯ ಅಂಕಿಯನ್ನು 0.83ರಿಂದ ಗುಣಿಸಿದರೆ ನಿಜವಾದ ಪೊಟ್ಯಾಸಿಯಂ ಸಿಗುತ್ತದೆ, ಸುಮಾರು ಶೇ. 50. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಶಿಫಾರಸು ಯಾವ ಲೆಕ್ಕದಲ್ಲಿದೆ ಎಂದು ನೋಡದೆ ತೂಗಿದರೆ ಅಲ್ಲೇ ಎಡವಟ್ಟು.

ಡಿಎಪಿ, ಅಂದರೆ ಡೈಅಮೋನಿಯಂ ಫಾಸ್ಫೇಟ್ ಕೂಡ ಅದೇ ಬಗೆ. ಅಣು ರಾಶಿ 132, ಸಾರಜನಕ ಶೇ. 21.2, ರಂಜಕದ ಪೆಂಟಾಕ್ಸೈಡ್ ಲೆಕ್ಕದಲ್ಲಿ ಶೇ. 53.8 ಬರಬೇಕು. ಮೂಟೆಯದು 18-46. ಎರಡನ್ನೂ ಲೆಕ್ಕದ ಅಂಕಿಯಿಂದ ಭಾಗಿಸಿ ನೋಡಿ, ಎರಡೂ ಸುಮಾರು 0.85. ಅಂದರೆ ಅಂಕಿಗಳು ಒಂದಕ್ಕೊಂದು ಹೊಂದುತ್ತವೆ, ಸರಕು ಮಾತ್ರ ನೂರಕ್ಕೆ ನೂರು ಶುದ್ಧವಲ್ಲ. ಗೊಬ್ಬರಕ್ಕೆ ಅಷ್ಟು ಸಾಕು.

ಸತುವಿನ ಸಲ್ಫೇಟಿನಲ್ಲಿ ಎರಡು ಬಗೆ ಸಿಗುತ್ತದೆ, ಒಂದರಲ್ಲಿ ಏಳು ನೀರಿನ ಅಣು, ಇನ್ನೊಂದರಲ್ಲಿ ಒಂದೇ. ಮೊದಲನೆಯದರ ರಾಶಿ 287.4, ಎರಡನೆಯದರದು 179.4, ಪೊಟ್ಟಣದ ಮೇಲೆ ಕ್ರಮವಾಗಿ ಸತು ಶೇ. 21 ಮತ್ತು 33. ಒಂದು ನೀರಿನದಕ್ಕೆ ಒಂದೂವರೆ ಪಟ್ಟು ಬೆಲೆ ಹೇಳಿದರೂ ಕಣ್ಣು ಮುಚ್ಚಿ ಕೊಳ್ಳಬಹುದು, ಏಳು ನೀರಿನದನ್ನು ಕೊಂಡವರಿಗೆ ಸಿಗುವ ತೂಕದಲ್ಲಿ ಶೇ. 44ರಷ್ಟು ನೀರೇ.

ಇನ್ನು ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಪಟ್ಟಿಯಲ್ಲಿ ಪೂರ್ತಿ ಅಂಕ ಇದಕ್ಕೇ. ತಾಮ್ರ 63.5, ಗಂಧಕ 32, ನಾಲ್ಕು ಆಮ್ಲಜನಕ 64, ಐದು ನೀರು 90, ಒಟ್ಟು 249.5. ತಾಮ್ರ ಶೇ. 25.5, ನೀರೇ ಶೇ. 36. ಸೂತ್ರದ (CuSO₄·5H₂O) ನಡುವಿನ ಚುಕ್ಕೆಯನ್ನು ಗುಣಾಕಾರ ಅಂದುಕೊಂಡು ನೀರಿಲ್ಲದ ಭಾಗದ 159.5ನ್ನು ನೀರಿನ 90ರಿಂದ ಗುಣಿಸುವ ಮಕ್ಕಳಿದ್ದಾರೆ. ಅದು ಕೂಡಬೇಕಾದ ಚುಕ್ಕೆ. ಹರಳಿನ ಅಂಚಿಗೆ ಬಿಳಿ ಹುಡಿ ಹತ್ತಿದ್ದರೆ ಹೆದರಬೇಡಿ: ನೀರು ಆರಿದೆ, ತೂಕಕ್ಕೆ ತಾಮ್ರ ಇನ್ನಷ್ಟು ಜಾಸ್ತಿಯೇ. ಬಣ್ಣ ಹಸಿರಿಗೆ ತಿರುಗಿದ್ದರೆ ಮಾತ್ರ ಕಬ್ಬಿಣದ ಸಲ್ಫೇಟ್ ಬೆರೆತಿರುವ ಅನುಮಾನ. ಒಂದಿಷ್ಟು ಕರಗಿಸಿ ಅಮೋನಿಯಾ ದ್ರಾವಣವನ್ನು ಧಾರಾಳವಾಗಿ ಹಾಕಿ. ತಿಳಿ ಕಡುನೀಲಿ ಬಂದರೆ ಸರಿ, ಕೆಳಗೆ ಮಾಸಲು ಹಸಿರೋ ಕಂದೋ ಗಸಿ ನಿಂತರೆ ಅಂಗಡಿಗೆ ವಾಪಸ್.

ಕಡೆಯದು ಸುಣ್ಣ. ಸಾಮಾನ್ಯವಾಗಿ ಅಂಕಿಯೇ ಇಲ್ಲದೆ ಮಾರಾಟವಾಗುವ ಸರಕು, ಅದಕ್ಕೇ ಅಂಕ ಕಡಿಮೆ. ಸುಟ್ಟ ಸುಣ್ಣದ ರಾಶಿ 56, ನೀರು ಕುಡಿದರೆ 74, ಗಾಳಿಯ ಇಂಗಾಲಾಮ್ಲ ಹೀರಿ ಕಾರ್ಬೊನೇಟ್ ಆದರೆ 100. ಕೊಡಗಿನ ಮಳೆಗಾಲದಲ್ಲಿ ಬಾಯಿ ಬಿಚ್ಚಿಟ್ಟ ಚೀಲದಲ್ಲಿ ನಡೆಯುವುದು ಇದೇ. ಪೂರ್ತಿ ಕಾರ್ಬೊನೇಟ್ ಆದ ಸುಣ್ಣ 1 ಕೆ.ಜಿ. ಕೊಂಡರೆ ಸುಟ್ಟ ಸುಣ್ಣದ ಲೆಕ್ಕದಲ್ಲಿ ಸಿಗುವುದು 560 ಗ್ರಾಂ. ಹುಳಿ ಮಣ್ಣಿಗೆ ಅದೂ ಆಗುತ್ತದೆ, ಪ್ರಮಾಣ ಹೆಚ್ಚಿಸಿದರಾಯಿತು. ಮೈಲುತುತ್ತು, ಸುಣ್ಣ ಬೆರೆಸಿ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಆಗದು. ಪರೀಕ್ಷೆ ಮನೆಯಲ್ಲೇ ಇದೆ: ಚಿಟಿಕೆ ಸುಣ್ಣಕ್ಕೆ ಕೊಡಗಿನ ಅಡುಗೆಯ ಕಪ್ಪು ಹುಳಿರಸವಾದ ಕಾಚಂಪುಳಿಯನ್ನು ಹನಿಹನಿಯಾಗಿ ಬಿಡಿ, ಬುರುಬುರು ನೊರೆ ಎದ್ದರೆ ಕಾರ್ಬೊನೇಟ್. (ಕಾಚಂಪುಳಿ ಪೋಲು ಮಾಡಲು ಮನಸ್ಸಿಲ್ಲದವರಿಗೆ ನಿಂಬೆರಸ ಇದೆ.) ಒಳ್ಳೆಯ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕುದಿಯುವಷ್ಟು ಬಿಸಿ ಏರಬೇಕು.

ಕಾಗದದ ಮೇಲೆ 1 ಕೆ.ಜಿ. ಮೈಲುತುತ್ತಿಗೆ ಶುದ್ಧ ಸುಟ್ಟ ಸುಣ್ಣ 225 ಗ್ರಾಂ ಸಾಕು. 56 ಭಾಗಿಸು 249.5. ಆದರೂ ಸಮತೂಕ ಹಾಕುವ ರೂಢಿ ಇರುವುದು ಅಂಗಡಿ ಸುಣ್ಣದಲ್ಲಿ ಕಲ್ಲು ಮಣ್ಣೆಷ್ಟು, ಕಾರ್ಬೊನೇಟ್ ಎಷ್ಟು ಎಂಬುದು ಗೊತ್ತಿರದ ಕಾರಣ. ಸುಣ್ಣದೊಡನೆ ಸೇರದೆ ಉಳಿದ ತಾಮ್ರ ಎಲೆ ಸುಡುತ್ತದೆ. 200 ಲೀಟರ್ ಬ್ಯಾರಲ್‌ಗೆ ಶೇ. 0.5ರ ದ್ರಾವಣ ಬೇಕಾದರೆ ತಲಾ 1 ಕೆ.ಜಿ.; ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿದ ಮೈಲುತುತ್ತನ್ನು ಸೋಸಿದ ಸುಣ್ಣದ ಹಾಲಿಗೆ ಕಲಕುತ್ತಾ ಸುರಿಯಬೇಕು. ಉಜ್ಜಿ ಹೊಳಪು ತಂದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಲೇಪ ಹತ್ತಿದ್ದರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣದ ಹಾಲು ಸೇರಿಸಿ ಮತ್ತೆ ಅದ್ದಿ, ಲೇಪ ಬಾರದಾದ ಮೇಲೇ ಪಂಪಿಗೆ ತುಂಬಿ. ಸಿಂಪಡಣೆಗೆ ಕೊಳ್ಳುವುದಾದರೆ ಗಟ್ಟಿ ಸುಣ್ಣದ ಕಲ್ಲನ್ನೇ ಕೇಳಿ ಪಡೆಯಿರಿ. ಚೀಲದ ತಳದ ಪುಡಿ ಮಣ್ಣಿಗಿರಲಿ.