ಲಾನ್ ಮೋವರ್‌ಗೆ ಯಾವ ಟಾರ್ಕ್ ರೆಂಚ್: ಕ್ಲಿಕ್ ರೆಂಚಾ, ಬೀಮ್ ರೆಂಚಾ?

ತಳ್ಳುವ ಮೋವರ್‌ಗಳಲ್ಲಿ (ಹುಲ್ಲು ಕತ್ತರಿಸುವ ಯಂತ್ರ) ಬ್ಲೇಡ್ ಬೋಲ್ಟ್‌ಗೆ ಸಾಮಾನ್ಯವಾಗಿ 50ರಿಂದ 70 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಬೇಕು. ಅದನ್ನು ಅಳೆದು ಬಿಗಿ ಮಾಡುವ ಪಾನಾನೇ ಟಾರ್ಕ್ ರೆಂಚ್. ನಿಮ್ಮ ಮಾಡೆಲ್‌ನ ಸಂಖ್ಯೆಯನ್ನು ಮ್ಯಾನ್ಯುಯಲ್‌ನಲ್ಲೇ ನೋಡಿ.

ಕ್ಲಿಕ್ ರೆಂಚ್‌ನಲ್ಲಿ ಅಳತೆ ಸೆಟ್ ಮಾಡಿ ತಿರುಗಿಸಿದರೆ ಸಾಕು, ಆ ಅಳತೆ ಮುಟ್ಟಿದಾಗ 'ಟಕ್' ಅನ್ನುತ್ತದೆ. ಮೋವರ್ ವಾಲಿಸಿ ಬಗ್ಗಿ ಕೆಲಸ ಮಾಡುವಾಗ ಬೀಮ್ ರೆಂಚ್‌ನ ಮುಳ್ಳು ನೋಡುತ್ತಾ ಕೂರೋಕಾಗಲ್ಲ, ಅಲ್ವಾ? ಬ್ಲೇಡ್‌ಗೆ ನನ್ನ ಆಯ್ಕೆ ಇದೇ. ಆದರೆ ಇದಕ್ಕೆ ಆರೈಕೆ ಜಾಸ್ತಿ. ಕೆಲಸ ಮುಗಿದ ಮೇಲೆ ಅಳತೆಯನ್ನು ಕನಿಷ್ಠಕ್ಕೆ ಇಳಿಸಿಡಬೇಕು. ಬೋಲ್ಟ್ ಬಿಚ್ಚಲು ಬಳಸಬಾರದು. ಆಗಾಗ ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಿ ಸರಿಪಡಿಸುವುದು) ಕೂಡ ಬೇಕು.

ಬೀಮ್ ರೆಂಚ್ ಅಂದರೆ ಬಾಗುವ ಸರಳು, ಮುಳ್ಳು, ಅಷ್ಟೇ. ಕೆಡೋಕೆ ಒಳಗೆ ಏನೂ ಇಲ್ಲ. ಮುಳ್ಳು ಸೊನ್ನೆಯಲ್ಲಿ ನಿಲ್ಲದಿದ್ದರೆ ಬಗ್ಗಿಸಿ ಸರಿ ಮಾಡಬಹುದು. ವರ್ಷಕ್ಕೆ ಎರಡು ಸಲ ಬ್ಲೇಡ್ ಬಿಚ್ಚುವವರಿಗೆ ಇದು ಧಾರಾಳ.

ಎಂಜಿನ್ ಕತೆ ಬೇರೆ. ಅಲ್ಯೂಮಿನಿಯಂನೊಳಗೆ ಕೂರುವ 6 ಮಿ.ಮೀ. ಬೋಲ್ಟ್‌ಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ದೊಡ್ಡ ಕ್ಲಿಕ್ ರೆಂಚ್ ತನ್ನ ಗರಿಷ್ಠ ಅಳತೆಯ ಶೇ. 20ಕ್ಕಿಂತ ಕೆಳಗೆ ನಂಬಿಕೆಗೆ ಅರ್ಹವಲ್ಲ. ಅಲ್ಲಿಗೆ ಚಿಕ್ಕ ರೆಂಚೇ ಬೇಕು, ಇಲ್ಲವಾದರೆ ತ್ರೆಡ್ (ಬೋಲ್ಟ್ ಕೂರುವ ಸುರುಳಿ ಗೀರು) ಕಿತ್ತು ಬರುತ್ತದೆ. ಸಿಲಿಂಡರ್ ಹೆಡ್ ಬೋಲ್ಟ್‌ಗಳನ್ನು ಮ್ಯಾನ್ಯುಯಲ್‌ನ ಕ್ರಮದಲ್ಲಿ ಹಂತ ಹಂತವಾಗಿ ಬಿಗಿ ಮಾಡಿ. ತ್ರೆಡ್‌ಗೆ ಸುಮ್ನೆ ಎಣ್ಣೆ ಹಚ್ಚಬೇಡಿ. ಅದೇ ಟಾರ್ಕ್‌ನಲ್ಲಿ ಬೋಲ್ಟ್ ಹೆಚ್ಚು ಎಳೆದುಕೊಳ್ಳುತ್ತದೆ.

ಇಂಪ್ಯಾಕ್ಟ್ ಗನ್ (ಬಡಿದು ಬಡಿದು ತಿರುಗಿಸುವ ಪವರ್ ಟೂಲ್) ಬೋಲ್ಟ್ ಬಿಚ್ಚೋಕೆ ಓಕೆ, ಕೊನೆಯ ಬಿಗಿತಕ್ಕೆ ಬೇಡ. ಯಾವುದನ್ನೇ ಕೊಂಡರೂ, ಬ್ಲೇಡ್ ಮುಟ್ಟುವ ಮೊದಲು ಸ್ಪಾರ್ಕ್ ಪ್ಲಗ್ ವಯರ್ ತೆಗೆದಿಡಿ.